ಹೆಸರಿಗೆ ಕಾವಲು, ಮರಕ್ಕೆ ಕೊಡಲಿ

ಬೆಂಗಳೂರಿನ ನಂದಿನಿ ಲೇಔಟ್‌ನ ಅಂಗಡಿಯೊಂದರಲ್ಲಿ ಈಚೆಗೆ ಮಿಡಿ ಉಪ್ಪಿನಕಾಯಿಯ ಬಾಟಲಿಯೊಂದನ್ನು ಕಂಡೆ. ಚೀಟಿಯ ಮೇಲೆ ‘ಮಲೆನಾಡಿನ ಅಪ್ಪೆಮಿಡಿ’ ಎಂದಿತ್ತು. ಯಾವ ಹೊಳೆಯ ದಂಡೆಯದು, ಯಾರು ಕೊಯ್ದದ್ದು ಎಂಬುದರ ಸುಳಿವೇ ಇರಲಿಲ್ಲ.

2009–10ರ ಸಾಲಿನಲ್ಲಿ ಅಪ್ಪೆಮಿಡಿಗೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಾಗ ನಾವೆಲ್ಲ ಹೆಮ್ಮೆಪಟ್ಟೆವು. ಆದರೆ 1999ರ ಆ ಕಾಯಿದೆ ಕಾಯುವುದು ಹೆಸರನ್ನು, ಮರವನ್ನಲ್ಲ. ಮಿಡಿಗೆ ಬೆಲೆ ಏರಿದಂತೆ ಅಘನಾಶಿನಿ, ಶರಾವತಿಯ ದಂಡೆಗಳಲ್ಲಿ ಕೊಂಬೆಗಳನ್ನೇ ಕಡಿದು ಮಿಡಿ ಒಯ್ಯುವ ದುರಾಸೆಯೂ ಬೆಳೆಯಿತು. ಕೊಂಬೆ ಕಳೆದುಕೊಂಡ ಮರ ಮತ್ತೆ ಫಲ ಕೊಡಲು ವರ್ಷಗಳೇ ಬೇಕು. ಮರವೇ ಅಳಿದ ಮೇಲೆ ಮಾನ್ಯತೆ ಯಾತಕ್ಕೆ?

ಮಾನ್ಯತೆ ವ್ಯರ್ಥವೆಂದು ನಾನು ಹೇಳುತ್ತಿಲ್ಲ. ಅದು ಅರ್ಧದಾರಿಯಲ್ಲಿ ನಿಂತಿದೆ ಎನ್ನುತ್ತಿದ್ದೇನೆ. ಅದೇ ಕಾಯಿದೆಯಡಿ ಉತ್ಪಾದಕರು ‘ಅಧಿಕೃತ ಬಳಕೆದಾರ’ರಾಗಿ ನೋಂದಾಯಿಸಿಕೊಳ್ಳಬಹುದು. ನಾವು ಸುಮ್ಮನೆ ಕುಳಿತರೆ ಹೆಸರಿನ ಲಾಭ ದಲ್ಲಾಳಿಯ ಪಾಲು. ಊರೂರಿನಲ್ಲಿ ಗುಂಪು ಕಟ್ಟೋಣ. ಕೊಂಬೆ ಕಡಿದು ತಂದ ಮಿಡಿಯನ್ನು ಕೊಳ್ಳುವುದಿಲ್ಲವೆಂದು ನಿಯಮ ಮಾಡೋಣ. ಅನಂತಭಟ್ಟನ ಅಪ್ಪೆ, ಜೀರಿಗೆ ಅಪ್ಪೆಯಂತಹ ತಳಿಗಳನ್ನು ಕಸಿ ಕಟ್ಟಿ ಹೊಳೆದಂಡೆಗೆ ಮರಳಿಸೋಣ. ವಿದ್ಯಾರ್ಥಿಮಿತ್ರರೇ, ನಿಮ್ಮೂರಿನ ಅಪ್ಪೆಮರಗಳ ಪಟ್ಟಿಯನ್ನು ಈ ಬೇಸಿಗೆಯಲ್ಲೇ ಮಾಡಿ. ಹೊಳೆಯಂಚಿನ ಮರ ಉಳಿದರೆ ಮಾತ್ರ ಬಾಟಲಿಯ ಮೇಲಿನ ಹೆಸರಿಗೆ ಅರ್ಥ.