ಹುಳ ಕಂಡ್ರೆ ಔಷಧಿನೇನಾ?

ಕಡೂರು, ತರೀಕೆರೆ, ಅಜ್ಜಂಪುರ ಕಡೆಯಿಂದ ಬಂದು ಹಾಸ್ಟೆಲ್ ಸೇರಿರೋ ನಾವು ಹಬ್ಬಕ್ಕೆ ಊರಿಗೆ ಹೋದಾಗ ನೋಡ್ತಾನೇ ಇರ್ತೀವಿ: ಅಂಗಳದಲ್ಲಿ ಹುಳ ಕಂಡರೆ ಚಿಕ್ಕ ಮಕ್ಕಳು ಮೊದಲು ಮಾಡೋದು ತುಳಿಯೋದು. ಅವರನ್ನ ಬೈದು ಏನು ಬಂತು? ಹುಳ ಅಂದ್ರೆ 'ಔಷಧಿ ಹೊಡಿ' ಅನ್ನೋದನ್ನ ಬಿಟ್ಟು ದೊಡ್ಡವರ ಬಾಯಲ್ಲಿ ಅವರು ಬೇರೇನೂ ಕೇಳಿಲ್ಲ.

ಆದರೆ ನಮ್ಮ ತೆಂಗಿನ ತೋಟದಲ್ಲೇ ಬೇರೆ ಕಥೆ ಇದೆ. ಕಪ್ಪುತಲೆ ಹುಳ ಗರಿಯ ಅಡಿಯಲ್ಲಿ ನೂಲಿನ ಗೂಡು ಕಟ್ಕೊಂಡು ಹಸಿರನ್ನ ಕೆರೆದು ತಿನ್ನುತ್ತೆ, ಮರ ಬೆಂಕಿ ತಗುಲಿದ ಹಾಗೆ ಕಾಣುತ್ತೆ. ಅದಕ್ಕೆ ಪ್ರಯೋಗಾಲಯದಲ್ಲಿ ಬೆಳೆಸಿ ತೋಟಕ್ಕೆ ಬಿಡೋದು ಇನ್ನೊಂದು ಹುಳವನ್ನೇ. ಗೋನಿಯೋಜಸ್ ಅಂತ ಹೆಸರು, ಇರುವೆಯಷ್ಟು ಸಣ್ಣ ಕಪ್ಪು ಕಣಜ. ಹೆಣ್ಣು ಕಣಜ ಗೂಡೊಳಗೆ ನುಗ್ಗಿ, ಕಪ್ಪುತಲೆ ಹುಳವನ್ನ ಚುಚ್ಚಿ ಅಲ್ಲಾಡದ ಹಾಗೆ ಮಾಡಿ, ಅದರ ಮೈಮೇಲೇ ಮೊಟ್ಟೆ ಇಡುತ್ತೆ. ಮರಿಗಳು ಅದನ್ನೇ ತಿಂದು ಬೆಳೆಯುತ್ತವೆ, ಅಲ್ಲೀವರೆಗೂ ತಾಯಿ ಪಕ್ಕದಲ್ಲೇ ಕಾವಲು. ಸಿಕ್ಕಾಪಟ್ಟೆ ಔಷಧಿ ಹೊಡೆದ್ರೆ ಈ ಕಣಜವೂ ಸಾಯುತ್ತೆ. ನಾಳೆ ತೋಟ ನೋಡ್ಕೊಳ್ಳೋ ಮಗುವಿಗೆ ಇದು ಒಂದನೇ ಕ್ಲಾಸಲ್ಲೇ ಗೊತ್ತಿರಬೇಡ್ವಾ?

ಎನ್ನೆಸ್ಸೆಸ್ ಕ್ಯಾಂಪಿಗೆ ಹಳ್ಳಿ ಶಾಲೆಗೆ ಹೋದಾಗ ನಾವು ಪಿಪಿಟಿ ತೋರಿಸಿ, ಬಿಸ್ಕತ್ತು ಹಂಚಿ, ಫೋಟೋ ತೆಗೆಸ್ಕೊಂಡು ಬರ್ತೀವಿ. ಅದರ ಬದಲು ಒಂದು ಭೂತಗನ್ನಡಿ ಸಾಕು ಅನ್ನೋದು ನಮ್ಮ ವಾದ. ಜೀರ್ಜಿಂಬೆಗೆ ಎಷ್ಟು ಕಾಲು, ಜೇಡಕ್ಕೆ ಎಷ್ಟು ಅಂತ ಮಕ್ಕಳೇ ಎಣಿಸಲಿ. ಆರು, ಎಂಟು ಅಂತ ಬಂದ ಮೇಲೆ 'ಹಾಗಾದ್ರೆ ಜೇಡ ಕೀಟ ಅಲ್ವಾ?' ಅಂತ ಅವರೇ ಕೇಳ್ತಾರೆ. ಅಜ್ಜಂಪುರದ ಕಡೆಯವರಾದ್ರೆ ಅಮೃತಮಹಲ್ ಕಾವಲು ಗೊತ್ತೇ ಇದೆ. ದನ ಮೇಯೋ ಅಂಥ ಬಯಲಲ್ಲಿ ಸಗಣಿ ಹುಳ ಉಂಡೆ ಉರುಳಿಸಿ ಮಣ್ಣಲ್ಲಿ ಹೂತು ಪುಗಸಟ್ಟೆ ಗೊಬ್ಬರ ಹಾಕ್ತಿರುತ್ತೆ. ತರೀಕೆರೆ ಕಡೆ ಕೆರೆ ದಂಡೆಯಲ್ಲಿ ಏರೋಪ್ಲೇನ್ ಚಿಟ್ಟೆ ಹಿಡಿದು ಬಾಲಕ್ಕೆ ದಾರ ಕಟ್ಟೋ ಹುಡುಗರಿಗೆ, ಅದರ ಮರಿ ನೀರೊಳಗಿದ್ದು ಸೊಳ್ಳೆ ಮರಿ ತಿನ್ನುತ್ತೆ ಅಂತ ಹೇಳಿ ನೋಡಿ. (ಇದೇ ಜಿಲ್ಲೆಯ ಮೂಡಿಗೆರೆಯಲ್ಲಿದ್ದ ತೇಜಸ್ವಿಯವರ ಫೋಟೋ ಸ್ಟೇಟಸ್‌ಗೆ ಹಾಕೋದು ಸುಲಭ ಬಿಡಿ, ಅವರ ಹಾಗೆ ಹುಳದ ಮುಂದೆ ಕೂರೋದು ಕಷ್ಟ.)

ಮೇಷ್ಟ್ರನ್ನೋ ಊರಿನವರನ್ನೋ ಜೊತೆಗೆ ಕರ್ಕೊಂಡೇ ಹೋಗಿ. ಕಲ್ಲು ಎತ್ತೋದಿದ್ರೆ ಕೋಲಲ್ಲಿ, ಅದೂ ದೊಡ್ಡವರೇ ಎತ್ತಲಿ, ಅಡಿಯಲ್ಲಿ ಚೇಳೋ ಹಾವೋ ಇರಬಹುದು. ಕಂಬಳಿಹುಳ ಮುಟ್ಟಿಸಬೇಡಿ. ಹಿಡಿದ ಜೀರ್ಜಿಂಬೆಯನ್ನ ಬೆಂಕಿಪೊಟ್ಟಣದಲ್ಲಿ ಮನೆಗೆ ಒಯ್ಯೋಕೆ ಬಿಡದೆ, ಸಿಕ್ಕ ಗಿಡದ ಮೇಲೇ ವಾಪಸ್ ಬಿಡಿಸಿ.