ಅಗ್ಗದ ಊರು ಯಾರಿಗೆ ಅಗ್ಗ?

ಬೆಂಗಳೂರು ಸಾಕು, ಮಲೆನಾಡಿನ ಕಡೆ ಬಂದು ನೆಲೆಸುತ್ತೇವೆ ಎನ್ನುವವರು ಈಗ ನೆಂಟರಲ್ಲಿ ಒಬ್ಬರಾದರೂ, ಗೆಳೆಯರಲ್ಲಿ ಇಬ್ಬರಾದರೂ ಸಿಗುತ್ತಾರೆ. ಅವರ ಬಾಯಲ್ಲಿ ಮತ್ತೆ ಮತ್ತೆ ಬರುವ ಊರು ಸಕಲೇಶಪುರ. ಇನ್ನೂ ಒಂದು ಹೆಜ್ಜೆ ಮುಂದೆ ಹೋದವರು ದೋಣಿಗಲ್ ಸುತ್ತ ಹತ್ತು ಗುಂಟೆ ಜಾಗ ಸಿಗಬಹುದೇ ಎಂದು ವಿಚಾರಿಸುತ್ತಾರೆ. ಅವರು ಯಾಕೆ ಅಲ್ಲಿಗೆ ಬೆರಳು ತೋರಿಸುತ್ತಾರೆ ಎಂಬುದು ಅರ್ಥವಾಗುತ್ತದೆ. ಹೆದ್ದಾರಿ ಮಗ್ಗುಲಲ್ಲೇ ಇದೆ, ಪೇಟೆ ಐದಾರು ಕಿಲೋಮೀಟರು, ಮೇಲೆ ಮಂಜರಾಬಾದ್ ಕೋಟೆ, ಕೆಳಗೆ ಘಟ್ಟದ ಕಾಡು. ವಾರಾಂತ್ಯದಲ್ಲಿ ಒಮ್ಮೆ ಬಂದು ಹೋದವರ ಕಣ್ಣಿಗೆ ಆ ಹಸಿರು ಅಂಟಿಕೊಂಡರೆ ಬಿಡುವುದಿಲ್ಲ.

ನಗರ ಬಿಡಲು ಅವರು ಕೊಡುವ ಕಾರಣಗಳ ಬಗ್ಗೆ ನನ್ನ ತಕರಾರಿಲ್ಲ. ಬಾಡಿಗೆಯ ಜೊತೆಗೆ ಆರು ತಿಂಗಳದ್ದೋ ಹತ್ತು ತಿಂಗಳದ್ದೋ ಮುಂಗಡ ಕೇಳುವ ಊರದು. 2024ರ ಬೇಸಿಗೆಯಲ್ಲಿ ಸಾವಿರಾರು ಕೊಳವೆಬಾವಿಗಳು ಬತ್ತಿ, ಟ್ಯಾಂಕರ್ ನೀರಿಗೆ ಜನ ಸಾಲುಗಟ್ಟಿದ್ದನ್ನು ಎಲ್ಲರೂ ನೋಡಿದ್ದೇವೆ. 2025ರ ಫೆಬ್ರವರಿಯಲ್ಲಿ ಮೆಟ್ರೊ ಗರಿಷ್ಠ ದರ 60 ರೂಪಾಯಿಯಿಂದ 90ಕ್ಕೆ ಏರಿತು. ಇಷ್ಟೆಲ್ಲ ಸಹಿಸಿಕೊಂಡು ಅಲ್ಲೇ ಇರಿ ಎಂದು ಯಾರಿಗೂ ಹೇಳುವ ಹಕ್ಕು ನನಗಿಲ್ಲ. ಆದರೆ ಹೊರಡುವವರು ಹೇಳುವ ಇನ್ನೊಂದು ಮಾತಿದೆ: "ಅಲ್ಲಿ ಖರ್ಚು ಕಡಿಮೆ." ಈ ಮಾತನ್ನು ಯಾರೂ ತಿರುಗಿಸಿ ಕೇಳುವುದಿಲ್ಲ. ವಿನಯದಿಂದಲೇ ಕೇಳುತ್ತೇನೆ, ಯಾವ ಖರ್ಚು?

ಸಕಲೇಶಪುರದ ಒಂದು ದಿನಸಿ ಅಂಗಡಿಗೆ ಹೋಗಿ ಚೀಟಿ ಬರೆಸಿ ನೋಡಿ. ಎಣ್ಣೆ ಪ್ಯಾಕೆಟ್ಟಿನ ಮೇಲೆ ಬೆಂಗಳೂರಲ್ಲಿ ಅಚ್ಚಾದ ಬೆಲೆಯೇ ಇಲ್ಲೂ ಇರುತ್ತದೆ. ಬೇಳೆ ಬಯಲುಸೀಮೆಯಿಂದಲೋ ಹೊರರಾಜ್ಯದಿಂದಲೋ ಘಟ್ಟದ ಅಂಚಿನವರೆಗೆ ಲಾರಿ ಬಾಡಿಗೆ ಕೊಟ್ಟುಕೊಂಡು ಬರುತ್ತದೆ. ಮೊಬೈಲ್ ರೀಚಾರ್ಜ್, ಬಿ.ಪಿ. ಮಾತ್ರೆಯ ಎಂಆರ್‌ಪಿ, ಮಕ್ಕಳ ಬ್ಯಾಗು, ಮಿಕ್ಸಿ ಯಾವುದಕ್ಕೂ ಮಲೆನಾಡಿನ ರಿಯಾಯಿತಿ ಇಲ್ಲ. ಪೆಟ್ರೋಲು, ಸಿಲಿಂಡರ್ ಹೆಚ್ಚುಕಡಿಮೆ ಅದೇ ದರ. ಹಾಗಾದರೆ ಅಗ್ಗವಾಗಿರುವುದು ಏನು? ಲೆಕ್ಕ ಹಾಕುತ್ತಾ ಹೋದರೆ ಕೊನೆಗೆ ಉಳಿಯುವುದು ಎರಡೇ. ಒಂದು ನೆಲ, ಅಂದರೆ ಮನೆ ಬಾಡಿಗೆ ಮತ್ತು ಸೈಟಿನ ಬೆಲೆ. ಇನ್ನೊಂದು ಮನುಷ್ಯರ ದುಡಿಮೆ. ಮನೆಗೆಲಸದವರು, ತೋಟದ ಆಳು, ಗಾರೆಯವರು, ಡ್ರೈವರ್, ಅಡುಗೆಯವರು.

ಈ ಎರಡನ್ನೂ ನಿಧಾನವಾಗಿ ನೋಡಬೇಕು ಎಂಬುದು ನನ್ನ ಕೋರಿಕೆ. ಬೆಂಗಳೂರಿನ ಸಂಬಳವನ್ನು ಬ್ಯಾಂಕ್ ಖಾತೆಯಲ್ಲಿಟ್ಟುಕೊಂಡು ಬಂದವರಿಗೆ ದೋಣಿಗಲ್ ಅಗ್ಗ. ದೋಣಿಗಲ್‌ನಲ್ಲೇ ದುಡಿದು ದೋಣಿಗಲ್‌ನಲ್ಲೇ ತಿನ್ನುವವರಿಗೆ ಅದು ಯಾವತ್ತೂ ಅಗ್ಗವಾಗಿರಲಿಲ್ಲ. ಕಾಫಿ ಕುಯ್ಲಿನ ಮೂರ್ನಾಲ್ಕು ತಿಂಗಳು ಕೈತುಂಬ ಕೆಲಸ, ಮಳೆಗಾಲದಲ್ಲಿ ಅರ್ಧ ವಾರ ಮಾತ್ರ ಕೆಲಸ ಕಾಣುವ ಕುಟುಂಬ ಎಣ್ಣೆಗೆ ಕೊಡುವ ಬೆಲೆ, ಮನೆಯಲ್ಲೇ ಕುಳಿತು ಲ್ಯಾಪ್‌ಟಾಪಿನಲ್ಲಿ ದುಡಿಯುವ ಎಂಜಿನಿಯರ್ ಕೊಡುವ ಬೆಲೆ ಎರಡೂ ಒಂದೇ. ನಾವು ಊರಿನ ಗುಣ ಎಂದುಕೊಂಡದ್ದು ನಿಜವಾಗಿ ನಮ್ಮ ಜೇಬಿನ ಗುಣ. ಅಲ್ಲಿಯ ಕೂಲಿ ಕಡಿಮೆ ಇರುವುದರಿಂದಲೇ ನಮ್ಮ ಖರ್ಚು ಕಡಿಮೆ. ಇದನ್ನು ಒಪ್ಪಿಕೊಳ್ಳದೆ "ಸರಳ ಬದುಕು" ಎನ್ನುವುದು ಸರಿ ಕಾಣುವುದಿಲ್ಲ.

ನೆಲದ ಮಾತಿಗೆ ಬರೋಣ. ಕರ್ನಾಟಕದಲ್ಲಿ ಕೃಷಿಕರಲ್ಲದವರು ಕೃಷಿ ಭೂಮಿ ಕೊಳ್ಳದಂತೆ ತಡೆದಿದ್ದ ಭೂಸುಧಾರಣಾ ಕಾಯ್ದೆಯ 79ಎ, 79ಬಿ ಕಲಮುಗಳು 2020ರಲ್ಲಿ ರದ್ದಾದವು. ಕಾಫಿ ತೋಟಗಳಿಗೆ ಮೊದಲಿನಿಂದಲೂ ವಿನಾಯಿತಿ ಇತ್ತು, ಹಾಗಾಗಿ ತೋಟಗಳು ಹಿಂದೆಯೂ ಕೈ ಬದಲಾಗುತ್ತಿದ್ದವು. ಗದ್ದೆ ಮತ್ತು ಹಿತ್ತಲ ತುಂಡುಗಳಿಗೆ ಮಾತ್ರ ಆ ಬೇಲಿ ಇತ್ತು. ಬೇಲಿ ಹೋದ ಮೇಲೆ ಒಂದು ಎಕರೆ ಗದ್ದೆಯ ಬೆಲೆ ಅದರಲ್ಲಿ ಬೆಳೆಯುವ ಭತ್ತದ ಮೇಲೆ ನಿಲ್ಲುವುದಿಲ್ಲ. ಅಲ್ಲಿಂದ ಕಾಣುವ ಬೆಟ್ಟದ ಮೇಲೆ ನಿಲ್ಲುತ್ತದೆ. ಅಣ್ಣತಮ್ಮಂದಿರು ಪಾಲಾದ ಮೇಲೆ ಪಕ್ಕದ ಅರ್ಧ ಎಕರೆ ಕೊಂಡು ಜಮೀನು ಕೂಡಿಸಿಕೊಳ್ಳಬೇಕೆಂದಿದ್ದ ಸಣ್ಣ ಹಿಡುವಳಿದಾರನ ಕೈಗೆ ಅದು ಇನ್ನು ಎಟಕುವುದಿಲ್ಲ. ಪೇಟೆಯ ಬಾಡಿಗೆ ಮನೆಗಳದ್ದೂ ಇದೇ ಕತೆ. ಶನಿವಾರ ಭಾನುವಾರದ ಹೋಮ್‌ಸ್ಟೇಗೆ ಕೊಟ್ಟರೆ ಬರುವ ದುಡ್ಡನ್ನು ಸರ್ಕಾರಿ ಶಾಲೆಯ ಮೇಷ್ಟ್ರೋ ಆಸ್ಪತ್ರೆಯ ನರ್ಸೋ ತಿಂಗಳ ಬಾಡಿಗೆಯಾಗಿ ಕೊಡಲಾರರು. ಮಾಲೀಕ ದುರಾಸೆಯವನಲ್ಲ, ಅವನಿಗೂ ಮಗಳ ಕಾಲೇಜಿನ ಫೀಸು ಕಟ್ಟುವುದಿದೆ. ಆದರೂ ನರ್ಸ್‌ಗೆ ಮನೆ ಸಿಗುವುದಿಲ್ಲ.

ಪಹಣಿ ನೋಡದೆ ಜಾಗ ಕೊಳ್ಳುವವರಿಗೆ ಇನ್ನೊಂದು ಪಾಡಿದೆ. ಮಲೆನಾಡಿನಲ್ಲಿ ಕಂದಾಯ ದಾಖಲೆ ಒಂದು ಹೇಳಿದರೆ ಅರಣ್ಯ ಇಲಾಖೆಯ ನಕ್ಷೆ ಇನ್ನೊಂದು ಹೇಳುತ್ತದೆ. ತಲೆಮಾರುಗಳಿಂದ ಉಳುತ್ತಾ ಬಂದವರೇ ಅರಣ್ಯ ಕಾಯ್ದೆಯ ಸೆಕ್ಷನ್ 4, ಡೀಮ್ಡ್ ಅರಣ್ಯ ಎಂದು ಕಚೇರಿಯಿಂದ ಕಚೇರಿಗೆ ಅಲೆಯುತ್ತಿದ್ದಾರೆ.

ಆನೆಯ ವಿಷಯವನ್ನು ಬಿಟ್ಟು ಸಕಲೇಶಪುರದ, ಪಕ್ಕದ ಆಲೂರಿನ ಬದುಕನ್ನು ಬರೆಯಲಾಗುವುದಿಲ್ಲ. 2013-14ರಲ್ಲಿ ಆಲೂರು ಭಾಗದಿಂದ 22 ಕಾಡಾನೆಗಳನ್ನು ಹಿಡಿದು ಸಾಗಿಸಿದರು. ಕೆಲವೇ ವರ್ಷಗಳಲ್ಲಿ ತೋಟಗಳಲ್ಲಿ ಮತ್ತೆ ಆನೆಗಳ ಹಿಂಡು. 2023ರ ಡಿಸೆಂಬರ್ 4ರಂದು, ಮೈಸೂರು ದಸರೆಯಲ್ಲಿ ಚಿನ್ನದ ಅಂಬಾರಿ ಹೊತ್ತಿದ್ದ ಸಾಕಾನೆ ಅರ್ಜುನ ಸಕಲೇಶಪುರ ತಾಲೂಕಿನ ಯಸಳೂರು ಅರಣ್ಯ ವಲಯದಲ್ಲಿ ಕಾಡಾನೆಯೊಂದಿಗಿನ ಕಾದಾಟದಲ್ಲಿ ಸತ್ತ. ನಾಡೆಲ್ಲ ಕಣ್ಣೀರು ಹಾಕಿತು, ಹಾಕಬೇಕಾದ್ದೇ. ಆದರೆ ಬೆಳಗಿನ ಮಂಜಿನಲ್ಲಿ ತೋಟದ ದಾರಿ ಹಿಡಿದು ಹೋಗಿ ಆನೆಗೆ ಸಿಕ್ಕ ಕೂಲಿಯವರ ಹೆಸರು ಎಷ್ಟು ಜನಕ್ಕೆ ನೆನಪಿದೆ? ಮಂಜು ಕರಗುವವರೆಗೆ ಮನೆಯೊಳಗಿದ್ದು ಕೆಲಸ ಮಾಡುವ ಅನುಕೂಲ ಇರುವವರಿಗೆ ಈ ಅಪಾಯ ದೂರದ್ದು. ಅವರ ಮನೆಗೆ ಹಾಲು ತರುವವರು, ಬೆಳಿಗ್ಗೆ ಏಳಕ್ಕೆ ಅಡುಗೆಗೆ ಬರುವ ಹೆಂಗಸು, ಸಂಜೆ ಕತ್ತಲಾದ ಮೇಲೆ ನಡೆದು ಹಿಂತಿರುಗುವ ತೋಟದವನು ಅದನ್ನು ಹೊರುತ್ತಾರೆ.

ಇಲ್ಲಿ ಒಂದು ಸಂಗತಿಯನ್ನು ಓದುಗರು ದಯವಿಟ್ಟು ಗಮನಿಸಬೇಕು. ಇದೇ ತಾಲೂಕಿನ ಹೆತ್ತೂರು, ಯಸಳೂರು ಹೋಬಳಿಗಳ ಕಾಡಂಚಿನ ಕೆಲವು ಹಳ್ಳಿಗಳ ರೈತರು, ತಕ್ಕ ಪರಿಹಾರ ಕೊಟ್ಟರೆ ನಮ್ಮ ಜಮೀನನ್ನು ಆನೆಗಳಿಗೇ ಬಿಟ್ಟುಕೊಟ್ಟು ಹೊರಡುತ್ತೇವೆ ಎಂದು ಸರ್ಕಾರವನ್ನು ಕೇಳಿಕೊಂಡಿದ್ದಾರೆ. ಹುಟ್ಟಿದ ಮನೆ, ಅಜ್ಜ ನೆಟ್ಟ ಗಿಡ, ಮನೆದೇವರ ಗುಡಿ ಎಲ್ಲವನ್ನೂ ಬಿಟ್ಟು. ಬೆಂಗಳೂರಿನಿಂದ ಒಳಗೆ ಬರಬೇಕೆನ್ನುವವರು ಮತ್ತು ಇಲ್ಲಿಂದ ಹೊರಗೆ ಹೋಗಬೇಕೆನ್ನುವವರು ಒಂದೇ ತಾಲೂಕಿನ ನಕ್ಷೆ ನೋಡುತ್ತಿದ್ದಾರೆ. ಎರಡನೆಯವರ ಮಾತನ್ನು ಕೇಳಿಸಿಕೊಳ್ಳದೆ ಮೊದಲನೆಯವರು ತೀರ್ಮಾನ ಮಾಡಬಾರದು ಎಂದಷ್ಟೇ ನಾನು ಹೇಳುವುದು.

ಇನ್ನು ಮಳೆ. 2021ರ ಜುಲೈನಲ್ಲಿ ಯಶವಂತಪುರ-ಮಂಗಳೂರು ರೈಲಿಗೆ ಗಾಜಿನ ಛಾವಣಿಯ ವಿಸ್ಟಾಡೋಮ್ ಬೋಗಿ ಜೋಡಿಸಿದರು, ಘಟ್ಟದ ಚೆಲುವು ನೋಡಲಿ ಎಂದು. ಅದೇ ತಿಂಗಳು ದೋಣಿಗಲ್‌ನಲ್ಲಿ ರಾಷ್ಟ್ರೀಯ ಹೆದ್ದಾರಿ 75ರ ಅಂಚು ಕುಸಿದು ಶಿರಾಡಿ ಘಾಟಿಯ ಸಂಚಾರ ನಿಂತಿತು. ಮರುವರ್ಷದ ಜುಲೈನಲ್ಲಿ ಮತ್ತೆ ಅದೇ ದೋಣಿಗಲ್, ಮತ್ತೆ ಕುಸಿತ. 2024ರ ಜುಲೈನಲ್ಲಿ ಇದೇ ಹೆದ್ದಾರಿಯ ದೊಡ್ಡತಪ್ಪಲೆಯಲ್ಲಿ ಗುಡ್ಡ ರಸ್ತೆಗೆ ಬಂತು. ಅದೇ ತಿಂಗಳ 26ರಂದು ಎಡಕುಮೇರಿ-ಕಡಗರವಳ್ಳಿ ನಿಲ್ದಾಣಗಳ ನಡುವೆ ಹಳಿಯ ಬುಡದ ಮಣ್ಣೇ ಜಾರಿ ಹತ್ತು ದಿನಕ್ಕೂ ಹೆಚ್ಚು ಪ್ರಯಾಣಿಕರ ರೈಲು ಓಡಲಿಲ್ಲ. ರಸ್ತೆ ಅಗಲ ಮಾಡಲು ಗುಡ್ಡದ ಪಕ್ಕೆಯನ್ನು ಗೋಡೆಯಂತೆ ನೆಟ್ಟಗೆ ಕಡಿದರೆ ನೀರು ಕುಡಿದ ಮಣ್ಣು ನಿಲ್ಲುವುದಿಲ್ಲ, ಅದಕ್ಕೆ ಇಳಿಜಾರು ಬೇಕು. ಹೆದ್ದಾರಿಯವರು ಮಾಡಿದ ಇದೇ ತಪ್ಪನ್ನು ಸಣ್ಣ ಪ್ರಮಾಣದಲ್ಲಿ ಪ್ರತಿ "ವ್ಯೂ" ಇರುವ ಮನೆಯೂ ಮಾಡುತ್ತದೆ. ಜೆಸಿಬಿ ತಂದು ಗುಡ್ಡ ಕೊರೆದು ಸಮತಟ್ಟು ಮಾಡುವುದು, ಕೊರೆದ ಮಣ್ಣನ್ನು ಕೆಳಗೆ ಸುರಿದು ಅದರ ಮೇಲೆ ಕಾರು ನಿಲ್ಲಿಸುವ ಜಾಗ ಮಾಡುವುದು. ಹಳೆಯ ಮನೆಗಳು ಗದ್ದೆ ಬಯಲಿನ ಅಂಚಿನಲ್ಲಿ, ಗುಡ್ಡದ ಬುಡದಿಂದ ಸ್ವಲ್ಪ ಸರಿದು, ಗಾಳಿಗೆ ಬೆನ್ನು ಕೊಟ್ಟು ಕುಳಿತಿರುತ್ತವೆ. ಅಲ್ಲಿಂದ ಕಣಿವೆ ಕಾಣುವುದಿಲ್ಲ. ಕಟ್ಟಿದವರಿಗೆ ಮಳೆ ಗೊತ್ತಿತ್ತು.

ಆ ಮಳೆಗಾಲದಲ್ಲಿ ದಿನ ಹೇಗಿರುತ್ತದೆ ಎಂದರೆ, ಜೂನ್ ಅರ್ಧ ಕಳೆದ ಮೇಲೆ ಬಟ್ಟೆ ಒಣಗುವುದಿಲ್ಲ. ಒಲೆಯ ಮೇಲೋ ಹಂಡೆಯ ಪಕ್ಕದಲ್ಲೋ ಹಗ್ಗ ಕಟ್ಟಿ ಹರವಬೇಕು, ಮಗುವಿನ ಶಾಲೆಯ ಅಂಗಿಗೆ ಹೊಗೆಯ ವಾಸನೆ ಹತ್ತುತ್ತದೆ. ಬೀರುವಿನಲ್ಲಿಟ್ಟ ಚರ್ಮದ ಬೆಲ್ಟು, ಪುಸ್ತಕದ ಬೆನ್ನು ಬೂಷ್ಟು ಹಿಡಿದು ಬೆಳ್ಳಗಾಗುತ್ತದೆ. ಸಿಲ್ವರ್ ಓಕ್ ಕೊಂಬೆ ಮುರಿದು ತಂತಿಯ ಮೇಲೆ ಬಿದ್ದರೆ ಕರೆಂಟು ಹೋಗುತ್ತದೆ. ಲೈನ್‌ಮನ್ ಗಮ್‌ಬೂಟು ಹಾಕಿಕೊಂಡು ಒಂದೊಂದೇ ಕಂಬ ನೋಡುತ್ತಾ ಬರಬೇಕು, ಅವನಿಗೂ ಜಿಗಣೆ ಹತ್ತುತ್ತದೆ, ಅವನಿಗೂ ಆನೆಯ ಭಯ. ಕರೆಂಟು ಹೋಗಿ ಟವರಿನ ಬ್ಯಾಟರಿ ಮುಗಿದರೆ ಫೋನೂ ಇಲ್ಲ, ಮನೆಯಿಂದಲೇ ಮಾಡುವ ಕೆಲಸವೂ ಇಲ್ಲ. ಇಲ್ಲಿ ಹುಟ್ಟಿದವರು ಇದನ್ನು ದೂರುವುದಿಲ್ಲ, ಮೇ ತಿಂಗಳಲ್ಲೇ ಸೌದೆ ಒಟ್ಟಿ, ಹಪ್ಪಳ ಸಂಡಿಗೆ ಕಟ್ಟಿಟ್ಟು ತಯಾರಾಗುತ್ತಾರೆ. ಆ ತಯಾರಿಗೂ ಸಮಯ ಬೇಕು, ಖರ್ಚೂ ಇದೆ. ರಾತ್ರಿ ಎದೆನೋವು ಬಂದರೆ ಸಕಲೇಶಪುರದ ಕ್ರಾಫರ್ಡ್ ಆಸ್ಪತ್ರೆಗೆ ತಲುಪಿಸಬಹುದು. ಅಲ್ಲಿಂದ ಮುಂದಿನ ಚಿಕಿತ್ಸೆಗೆ ಹಾಸನ ಸುಮಾರು 40 ಕಿಲೋಮೀಟರು. ಮಂಗಳೂರಿನ ದೊಡ್ಡ ಆಸ್ಪತ್ರೆಗಳು ಘಟ್ಟದ ಆಚೆ ಇವೆ, ಘಟ್ಟ ತೆರೆದಿದ್ದರೆ.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಮಾತುಗಳಲ್ಲಿ ಬಲವಾದದ್ದು ಒಂದಿದೆ. ಮಲೆನಾಡಿನ ಎಷ್ಟೋ ಮನೆಗಳಲ್ಲಿ ಈಗ ಅರವತ್ತು ದಾಟಿದವರು ಮಾತ್ರ ಇದ್ದಾರೆ. ಮಕ್ಕಳು ಬೆಂಗಳೂರಿನಲ್ಲೋ ಕಡಲಾಚೆಯೋ ಇದ್ದಾರೆ. ಸರ್ಕಾರಿ ಶಾಲೆಗಳಲ್ಲಿ ಮಕ್ಕಳ ಸಂಖ್ಯೆ ಬೆರಳೆಣಿಕೆಗೆ ಇಳಿದಿದೆ. ಇಂಥ ಕಡೆ ನಲವತ್ತರ ಒಳಗಿನ ಒಂದು ಸಂಸಾರ ಬಂದು ನೆಲೆಸಿದರೆ ಊರಿಗೆ ಜೀವ ಬರುವುದಿಲ್ಲವೇ? ಖಂಡಿತ ಬರುತ್ತದೆ, ಅವರು ನಿಜವಾಗಿ ನೆಲೆಸಿದರೆ. ಮಗುವನ್ನು ಆ ಶಾಲೆಗೇ ಸೇರಿಸಿದರೆ, ಗ್ರಾಮಸಭೆಗೆ ಬಂದು ಕುಳಿತರೆ, ಮತದಾರರ ಪಟ್ಟಿಗೆ ಇಲ್ಲೇ ಹೆಸರು ಹಚ್ಚಿದರೆ. ಗೇಟು ಹಾಕಿ, ಸಿಸಿಟಿವಿ ಕಟ್ಟಿ, ವರ್ಷಕ್ಕೆ ಅರವತ್ತು ದಿನ ಬಂದು ಹೋಗುವ ಮನೆಯಿಂದ ಊರಿನ ಜನಸಂಖ್ಯೆ ಹೆಚ್ಚುವುದಿಲ್ಲ.

ಹೊರಗಿನವರು ಬರುವುದು ಈ ಬೆಟ್ಟಗಳಿಗೆ ಹೊಸದೇನಲ್ಲ. ಟಿಪ್ಪು 1792ರಲ್ಲಿ ಇಲ್ಲಿ ನಕ್ಷತ್ರಾಕಾರದ ಕೋಟೆ ಕಟ್ಟಿಸಿದ್ದು ಘಟ್ಟದ ದಾರಿ ಕಾಯಲು, ಅಲ್ಲಿಗೆ ಸೈನಿಕರು ಬಂದರು. 1840ರ ದಶಕದಿಂದ ಮಂಜರಾಬಾದಿಗೆ ಬ್ರಿಟಿಷ್ ಕಾಫಿ ಪ್ಲಾಂಟರುಗಳು ಬಂದರು. ಅವರಲ್ಲೊಬ್ಬ ರಾಬರ್ಟ್ ಎಲಿಯಟ್ ಇಲ್ಲಿಯ ಜನ, ಕಾಡು, ಕಾಫಿಯ ಬಗ್ಗೆ ಪುಸ್ತಕಗಳನ್ನೇ ಬರೆದ. ತುಳುನಾಡಿನಿಂದ, ತಮಿಳುನಾಡಿನಿಂದ, ಕೇರಳದಿಂದ ಕೂಲಿಗೂ ವ್ಯಾಪಾರಕ್ಕೂ ಜನ ಘಟ್ಟ ಹತ್ತಿದರು. ಪ್ಲಾಂಟರುಗಳು ಕೂಲಿಯವರನ್ನು ನ್ಯಾಯವಾಗಿ ನಡೆಸಿಕೊಂಡರು ಎಂದು ನಾನು ಹೇಳಲಾರೆ. ಆದರೆ ಬಂದವರೆಲ್ಲರ ಅನ್ನ ಈ ಮಣ್ಣಿಗೆ ಕಟ್ಟಿಬಿದ್ದಿತ್ತು. ಹೂಮಳೆ ತಪ್ಪಿದರೆ ಅವರಿಗೂ ನಷ್ಟ, ಕಾಯಿಲೆ ಹಬ್ಬಿದರೆ ಅವರೂ ಹಾಸಿಗೆ ಹಿಡಿಯುತ್ತಿದ್ದರು. ಇವತ್ತಿಗೂ ಹಾಗೆ ಬರುತ್ತಿರುವವರಿದ್ದಾರೆ. ಅಸ್ಸಾಂ, ಬಂಗಾಳ, ಜಾರ್ಖಂಡ್‌ಗಳಿಂದ ಬಂದು ತೋಟದ ಲೈನ್‌ಮನೆಗಳಲ್ಲಿ ಇರುವ ಕುಟುಂಬಗಳು. ಈ ಬೆಟ್ಟಗಳಿಗೆ ನಡೆಯುತ್ತಿರುವ ದೊಡ್ಡ ವಲಸೆ ಅದೇ, ಊರು ಬದಲಿಸುವ ಬಗ್ಗೆ ಬರುವ ಲೇಖನಗಳಲ್ಲಿ ಮಾತ್ರ ಅವರ ಸುದ್ದಿ ಇರುವುದಿಲ್ಲ. ಅವರ ಮಕ್ಕಳು ಕನ್ನಡ ಶಾಲೆಗೆ ಹೋಗುತ್ತಾರೆ, ವರ್ಷದೊಳಗೆ ಅಂಗಡಿಯಲ್ಲಿ ಕನ್ನಡದಲ್ಲೇ ಚೌಕಾಸಿ ಮಾಡುತ್ತಾರೆ.

ಹಾಗಾಗಿ, ಬರುತ್ತೇವೆ ಎನ್ನುವ ಗೆಳೆಯರಿಗೆ ನಾನು ಕೇಳುವ ಪ್ರಶ್ನೆ ಇದು: ಈ ಊರು ಕೊಡುವ ಸಂಪಾದನೆಯಲ್ಲಿ ಈ ಊರಿನಲ್ಲಿ ಬದುಕಲು ನಿಮಗೆ ಆಗುತ್ತದೆಯೇ? ಆಗುತ್ತದೆ ಎಂದರೆ, ಇಲ್ಲಿ ಮಾಡುವ ಒಂದು ಕೆಲಸ ನಿಮ್ಮ ಕೈಯಲ್ಲಿದ್ದರೆ, ದಂತವೈದ್ಯರೋ, ಪಂಪ್‌ಸೆಟ್ ರಿಪೇರಿಯವರೋ, ಗಣಿತ ಕಲಿಸುವವರೋ, ಕಾಫಿ ಹುರಿದು ಮಾರುವವರೋ ಆಗಿದ್ದರೆ, ಕಣ್ಣುಮುಚ್ಚಿ ಬನ್ನಿ. ಗಣಿತದ ಮೇಷ್ಟ್ರು ಸಿಗದೆ ಒದ್ದಾಡುವ ಶಾಲೆಗಳು ಈ ಕಡೆ ಇವೆ. ಆಗುವುದಿಲ್ಲ, ಸಂಬಳ ಬೆಂಗಳೂರಿನಿಂದಲೇ ಬರಬೇಕು ಎಂದರೂ ಬರಬೇಡಿ ಎನ್ನುವುದಿಲ್ಲ. ಬಂದರೆ ಬೆಟ್ಟಕ್ಕೆ ಹತ್ತಬೇಡಿ, ಪೇಟೆಯಲ್ಲಿ ಇರಿ. ಸಕಲೇಶಪುರದ ಬೀದಿಯಲ್ಲಿ, ಆಲೂರಿನಲ್ಲಿ, ಇಲ್ಲವೇ ಹಾಸನದಲ್ಲೇ ಮನೆ ಮಾಡಿ. ಹಾಸನದಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇದೆ, ಬೆಂಗಳೂರಿಗೂ ಮೈಸೂರಿಗೂ ರೈಲಿದೆ, ಆನೆಯ ದಾರಿ ತಡೆಯುವ ಇನ್ನೊಂದು ಬೇಲಿ ನಿಮ್ಮಿಂದ ಏಳುವುದಿಲ್ಲ. ದೋಣಿಗಲ್‌ನ ಗುಡ್ಡ ಅಲ್ಲಿಂದ ಒಂದು ಗಂಟೆಯ ದಾರಿ, ಬೇಕೆನಿಸಿದ ದಿನ ಹೋಗಿ ಬರಬಹುದು. ಮನೆಗೆಲಸಕ್ಕೆ ಬರುವವರಿಗೆ ಬೆಂಗಳೂರಿನಲ್ಲಿ ಕೊಡುತ್ತಿದ್ದಷ್ಟೇ ಕೊಡಿ, ಇಲ್ಲಿಯ ರೇಟು ಕೇಳಿಕೊಂಡು ಇಳಿಸಬೇಡಿ.

ಇನ್ನೂ ಮನಸ್ಸು ಗುಡ್ಡದ ಕಡೆಗೇ ಎಳೆದರೆ, ಅಡ್ವಾನ್ಸ್ ಕೊಡುವ ಮೊದಲು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಂದು ಬಾಡಿಗೆ ಮನೆ ಹಿಡಿದು ಇದ್ದು ನೋಡಿ. ಡಿಸೆಂಬರ್‌ನಲ್ಲಿ ಜಾಗ ತೋರಿಸುವ ದಲ್ಲಾಳಿ ಆ ತಿಂಗಳುಗಳ ಮಾತು ಎತ್ತುವುದಿಲ್ಲ. ಜಾಗ ಮಾರುತ್ತಿರುವವರ ಮನೆಗೆ ಮಳೆಯಲ್ಲೇ ಹೋಗಿ ಕುಳಿತು, ಯಾಕೆ ಮಾರುತ್ತಿದ್ದೀರಿ, ಮಾರಿದ ಮೇಲೆ ಎಲ್ಲಿಗೆ ಹೋಗುತ್ತೀರಿ ಎಂದು ಕೇಳಿ.