ಗಡಿಯಲ್ಲಿ ಸಂದ ಕೈ ಊರಲ್ಲಿ ಸಲ್ಲದೆ?

ಹುಬ್ಬಳ್ಳಿಯಿಂದ ಧಾರವಾಡಕ್ಕೆ ಹೋಗುವವರಿಗೆ ಸತ್ತೂರ ಗೊತ್ತು. ಹಿಂದೆ ಎರಿ ಹೊಲಗಳ ನಡುವಿನ ಹಳ್ಳಿಯಾಗಿದ್ದ ಈ ಊರಿನ ಪಕ್ಕದಲ್ಲಿ ಇಂದು ವೈದ್ಯಕೀಯ ಮಹಾವಿದ್ಯಾಲಯವಿದೆ, ಸಾವಿರಾರು ರೋಗಿಗಳು ಬಂದು ಹೋಗುವ ದವಾಖಾನೆಯಿದೆ. ಹೀಗಾಗಿ ನಮ್ಮ ಓಣಿಯಲ್ಲಿ ಮನೆಗೊಬ್ಬರಾದರೂ ಔಷಧದ ವಾಸನೆ ಹೊತ್ತು ಮನೆಗೆ ಬರುವವರೇ. ಅವರಲ್ಲಿ ಒಬ್ಬರ ವಿಷಯವಾಗಿ ನಾನು ಈ ಲೇಖನ ಬರೆಯುತ್ತಿದ್ದೇನೆ. ಅವರ ಹೆಸರು ಬೇಡ. ಅವರು ದುಡಿಯುವ ನರ್ಸಿಂಗ್ ಹೋಮ್ ಸತ್ತೂರಿನದಲ್ಲ, ಅದರ ಹೆಸರೂ ಬೇಡ. ಯಾಕೆಂದರೆ ಇದು ಒಂದು ನರ್ಸಿಂಗ್ ಹೋಮಿನ ದೋಷವಲ್ಲ, ನಮ್ಮೆಲ್ಲರ ದೋಷ.

ಈ ಗೃಹಸ್ಥರು ಹದಿನೇಳು ವರ್ಷ ಸೈನ್ಯದ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟಂಟ್ ಆಗಿ ದುಡಿದು ಬಂದವರು. ಕಳೆದ ಮಳೆಗಾಲದ ಒಂದು ರಾತ್ರಿ ನಮ್ಮ ಕಿರಿಯ ಮಗ ಮೋಟಾರ್ ಸೈಕಲ್ ಮೇಲಿಂದ ಬಿದ್ದು ತೊಡೆಯ ಎಲುಬು ಮುರಿದುಕೊಂಡ. ಕೂಡಿದ ಜನ ಅವನನ್ನು ಎತ್ತಿ ರಿಕ್ಷಾದಲ್ಲಿ ತುರುಕುವದರಲ್ಲಿದ್ದರು. ಇವರು ಓಡಿ ಬಂದು ಎಲ್ಲರನ್ನೂ ಹಿಂದೆ ಸರಿಸಿದರು. ಒಂದು ಛತ್ರಿ, ಎರಡು ಪಟ್ಟಿ ಹಲಗೆ, ಒಂದು ಹಳೆಯ ಧೋತರ. ಇಷ್ಟರಲ್ಲಿಯೇ ಕಾಲನ್ನು ಅಲುಗದಂತೆ ಕಟ್ಟಿ, ಪಾದದ ನಾಡಿ ಮುಟ್ಟಿ ನೋಡಿ, ಆಮೇಲೆ ಎತ್ತಲು ಹೇಳಿದರು. ತಾವು ದುಡಿಯುವ ನರ್ಸಿಂಗ್ ಹೋಮಿಗೇ ಕರೆದೊಯ್ದರು. ಅಲ್ಲಿಯ ಡಾಕ್ಟರರು ಕಟ್ಟನ್ನು ನೋಡಿ, “ಇಷ್ಟು ಚಂದ ಕಟ್ಟಿದ್ದನ್ನ ನೋಡಿ ಭಾಳ ದಿನಾ ಆಗಿತ್ತರೀ. ದಾರ್‍ಯಾಗ ಹಾಂಗs ಎತ್ತಿಕೊಂಡು ಬಂದಿದ್ರ ರಕ್ತನಾಳಕ್ಕ ಪೆಟ್ಟಾಗತಿತ್ತು” ಎಂದರು. ಮಗ ಈಗ ನಡೆದಾಡುತ್ತಾನೆ.

ಮುಂದಿನದನ್ನು ಕೇಳಿರಿ. ದವಾಖಾನೆ ಬಿಡುವಾಗ ಬಿಲ್ಲು ಬಂದಿತು. ಅದರಲ್ಲಿ ‘ನರ್ಸಿಂಗ್ ಶುಲ್ಕ’ ಎಂಬ ಒಂದು ಕಲಮು ಇತ್ತು. ಹಣ ಕಟ್ಟಿದೆ. ರಾತ್ರಿಯೆಲ್ಲ ಮಗನ ಬಳಿ ಕುಳಿತು ಸಲಾಯಿನ್ ನೋಡಿದವರು, ಸೂಜಿ ಮಾಡಿದವರು ಇವರೇ. ಆದರೆ ಹಾಜರಿ ಪುಸ್ತಕದಲ್ಲಿ ಇವರ ಹೆಸರಿನ ಮುಂದೆ ಬರೆದಿದ್ದು ‘ವಾರ್ಡ್ ಸಹಾಯಕ’ ಎಂದು. ಪಗಾರವೂ ಕಸ ಹೊಡೆಯುವವನ ಪಗಾರವೇ. ಇದೇನೆಂದು ಕೇಳಿದೆ. “ಅಲ್ಲಿ ನಮ್ಮ ಕೈಗೆ ಒಂದು ಹೆಸರಿತ್ತರೀ. ಇಲ್ಲೆ ಕೈ ಅದ, ಹೆಸರಿಲ್ಲ” ಎಂದು ನಕ್ಕರು. ಆ ನಗೆ ನನ್ನನ್ನು ಇನ್ನೂ ಬಿಟ್ಟಿಲ್ಲ.

ಈ ‘ಕೈ’ ಎಂಥದೆಂಬುದನ್ನು ಪಟ್ಟಣದ ನಾವು ತಿಳಿದುಕೊಂಡಿಲ್ಲ. ಪಿಯುಸಿಯಲ್ಲಿ ವಿಜ್ಞಾನ ಓದಿದವರನ್ನೇ ಆರಿಸಿಕೊಂಡು, ತರಬೇತಿ ಕೊಟ್ಟು, ಸೈನ್ಯವು ಅವರನ್ನು ಪಲಟನುಗಳಿಗೂ ಗಡಿಯ ಠಾಣ್ಯಗಳಿಗೂ ಕಳಿಸುತ್ತದೆ. ಗಾಯಕ್ಕೆ ಪಟ್ಟಿ ಕಟ್ಟುವದು, ರಕ್ತ ನಿಲ್ಲಿಸುವದು, ಹಿಮಗಡಿತ ಗುರುತಿಸುವದು, ಉಸಿರು ನಿಲ್ಲುವವನಿಗೆ ಆಮ್ಲಜನಕ ಹಿಡಿಯುವದು, ಯಾರನ್ನು ಮೊದಲು ಕೆಳಗಿಳಿಸಬೇಕೆಂದು ನಿರ್ಧರಿಸುವದು, ಇವೆಲ್ಲ ಅವರ ಕೆಲಸ. ಎಷ್ಟೋ ಠಾಣ್ಯಗಳಲ್ಲಿ ಡಾಕ್ಟರರು ಇರುವದು ತಂತಿಯ ಆಚೆಗಿನ ಧ್ವನಿಯಾಗಿ ಮಾತ್ರ. ಕೈ ಇವರದೇ.

2016ರ ಫೆಬ್ರುವರಿ 3ರಂದು ಸಿಯಾಚಿನ್‌ನ ಸೋನಮ್ ಠಾಣ್ಯದ ಮೇಲೆ ಹಿಮದ ಗೋಡೆ ಕುಸಿದದ್ದನ್ನು ಈ ಜಿಲ್ಲೆಯವರು ಮರೆತಿಲ್ಲ. 19,600 ಅಡಿಗಳ ಎತ್ತರದಲ್ಲಿ ಹತ್ತು ಜನ ಹೂತು ಹೋದರು. ಆರು ದಿನಗಳ ಬಳಿಕ ಹಿಮದೊಳಗಿಂದ ಜೀವಂತವಾಗಿ ಹೊರಬಂದವರು ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಲಾನ್ಸ್ ನಾಯಕ ಹನುಮಂತಪ್ಪ ಕೊಪ್ಪದ. ಫೆಬ್ರುವರಿ 11ರಂದು ಅವರು ದಿಲ್ಲಿಯಲ್ಲಿ ಕಣ್ಣು ಮುಚ್ಚಿದಾಗ ಹುಬ್ಬಳ್ಳಿಯೂ ಧಾರವಾಡವೂ ಒಂದಾಗಿ ಅತ್ತವು. ಆದರೆ ಆ ಹತ್ತು ಜನರಲ್ಲಿ ಇನ್ನೊಬ್ಬರಿದ್ದುದನ್ನು ನಮ್ಮಲ್ಲಿ ಎಷ್ಟು ಜನ ಬಲ್ಲರು? ಸತಾರಾ ಜಿಲ್ಲೆಯ ಮಸ್ಕರವಾಡಿಯ ಸುನೀಲ ಸೂರ್ಯವಂಶಿ, ನರ್ಸಿಂಗ್ ಅಸಿಸ್ಟಂಟ್. ಒಂಬತ್ತು ಜನರ ಆರೋಗ್ಯವನ್ನು ನೋಡಿಕೊಳ್ಳಲೆಂದು ಆ ಹಿಮದಲ್ಲಿ ಅವರ ಸಂಗಡ ಇದ್ದವರು, ಅವರ ಸಂಗಡವೇ ಹೋದವರು. ಆ ಎತ್ತರದಲ್ಲಿ ಒಂದು ತುಕಡಿಯ ಜೀವವನ್ನೇ ಯಾರ ಕೈಯಲ್ಲಿ ಇಡಲು ಸರಕಾರ ಅಂಜಲಿಲ್ಲವೋ, ಅಂಥವರು ನಿವೃತ್ತರಾಗಿ ಊರಿಗೆ ಬಂದರೆ ಒಂದು ಜ್ವರದ ಕಾಗದದ ಮೇಲೆ ರುಜು ಹಾಕಲು ಅಯೋಗ್ಯರೆ?

ಅಯೋಗ್ಯರೆಂದು ಯಾರೂ ಬಾಯಿಬಿಟ್ಟು ಹೇಳುವದಿಲ್ಲ. ನಿಯಮ ಹೇಳುತ್ತದೆ. ಆ ನಿಯಮಗಳ ಚಂದವನ್ನಾದರೂ ನೋಡೋಣ. ಮೆಟ್ರಿಕ್ ಪಾಸಾಗಿ ಸೈನ್ಯದಲ್ಲಿ 15 ವರ್ಷ ಸೇವೆ ಮಾಡಿದವನು, ಪದವಿ ಬೇಕೆಂದು ಹೇಳಿದ ಸಿ ದರ್ಜೆಯ ಹುದ್ದೆಗಳಿಗೆ ಪದವೀಧರನಂತೆಯೇ ಅರ್ಹನೆಂದು ಕೇಂದ್ರ ಸರಕಾರ ಒಪ್ಪುತ್ತದೆ. ಒಳ್ಳೆಯ ಮಾತು. ಆದರೆ ಆ ಹುದ್ದೆಗೆ ತಾಂತ್ರಿಕ ಇಲ್ಲವೆ ವೃತ್ತಿಯ ಅನುಭವ ಅವಶ್ಯವಿದ್ದಲ್ಲಿ ಈ ಸವಲತ್ತು ಇಲ್ಲ. ಎಂದರೆ ಹದಿನೈದು ವರ್ಷ ಗಾಯ ತೊಳೆದವನು ಆ ಅನುಭವದ ಬಲದಿಂದ ಕಡತ ನೋಡುವ ಗುಮಾಸ್ತನಾಗಬಹುದು. ಗಾಯ ತೊಳೆಯುವ ಹುದ್ದೆ ಮಾತ್ರ ಅದೇ ಬಲದಿಂದ ಸಿಗದು! ನಗಬೇಕೋ ಅಳಬೇಕೋ ತಿಳಿಯದು.

ಇನ್ನೊಂದು ಸಂಗತಿ. ಮಾಜಿ ಸೈನಿಕರಿಗಾಗಿ ರಕ್ಷಣಾ ಇಲಾಖೆಯು 2003ರಿಂದ ನಡೆಸುತ್ತಿರುವ ಇಸಿಹೆಚ್‌ಎಸ್ ಯೋಜನೆಯ ಪಾಲಿಕ್ಲಿನಿಕ್‌ಗಳಲ್ಲಿ ನರ್ಸಿಂಗ್ ಅಸಿಸ್ಟಂಟರು ಬೇಕಾದಾಗ ಜಾಹೀರಾತು ಏನು ಕೇಳುತ್ತದೆ? ಜಿ.ಎನ್.ಎಮ್. ಡಿಪ್ಲೋಮಾ, ಇಲ್ಲವೆ ಸೈನ್ಯದ ಪ್ರಥಮ ದರ್ಜೆಯ ನರ್ಸಿಂಗ್ ಅಸಿಸ್ಟಂಟ್ ಕೋರ್ಸು. ‘ಇಲ್ಲವೆ’ ಎಂಬ ಈ ಒಂದು ಶಬ್ದದಲ್ಲಿಯೇ ಉತ್ತರ ಅಡಗಿದೆ. ಮಾಜಿ ಸೈನಿಕನ ಮಧುಮೇಹವನ್ನು ನೋಡಿಕೊಳ್ಳಲು ಸಾಲುವ ಕೈ, ಅವನ ನೆರೆಮನೆಯ ಮಾಸ್ತರರ ಮಧುಮೇಹಕ್ಕೆ ಯಾಕೆ ಸಾಲದು? ರೋಗಕ್ಕೆ ಸಮವಸ್ತ್ರವಿದೆಯೆ?

ಹೊರಗಿನವರು ಇದನ್ನು ಎಂದೋ ಅರಿತರು. ರಶಿಯದ ಹಳ್ಳಿಗಳಲ್ಲಿ ಡಾಕ್ಟರರಿಲ್ಲದ ಕಡೆ ರೋಗಿಗಳನ್ನು ನೋಡಿಕೊಂಡ ‘ಫೆಲ್ಡ್‌ಶರ್’ ಎಂಬ ಹೆಸರೇ ರಣಭೂಮಿಯ ಗಾಯ ಕಟ್ಟುವವನ ಹೆಸರು. ಅಮೇರಿಕೆಯಲ್ಲಿ ಡಾಕ್ಟರರ ಕೊರತೆ ಬಿದ್ದಾಗ, ಡ್ಯೂಕ್ ವಿಶ್ವವಿದ್ಯಾಲಯದ ಡಾ. ಯೂಜಿನ್ ಸ್ಟೆಡ್ ಅವರು 1965ರಲ್ಲಿ ಹೊಸದೊಂದು ತರಗತಿ ತೆರೆದರು. ಮೊದಲ ವಿದ್ಯಾರ್ಥಿಗಳು ನಾಲ್ವರು. ನಾಲ್ವರೂ ನೌಕಾದಳದ ವೈದ್ಯಕೀಯ ವಿಭಾಗದಿಂದ ಬಂದವರು. ಅವರಿಗೆ ಎರಡು ವರ್ಷ ಹೆಚ್ಚಿನ ಶಿಕ್ಷಣ ಕೊಟ್ಟು, ಡಾಕ್ಟರರ ಮೇಲ್ವಿಚಾರಣೆಯಲ್ಲಿ ಕೆಲಸ ಮಾಡುವ ‘ಫಿಜಿಶಿಯನ್ ಅಸಿಸ್ಟಂಟ್’ ಎಂಬ ಹೊಸ ವೃತ್ತಿಯನ್ನೇ ಕಟ್ಟಿದರು. 1967ರಲ್ಲಿ ಮೂವರು ತೇರ್ಗಡೆಯಾದರು. ಇಂದು ಆ ದೇಶದ ದವಾಖಾನೆಗಳು ಈ ವರ್ಗದವರಿಲ್ಲದೆ ನಡೆಯಲಾರವು. ಸೈನ್ಯ ಕಲಿಸಿದ್ದನ್ನು ಅವರು ಗಟಾರಕ್ಕೆ ಚೆಲ್ಲಲಿಲ್ಲ. ಅದರ ಮೇಲೆಯೇ ಗೋಡೆ ಎಬ್ಬಿಸಿದರು.

ನಮ್ಮವರ ಕೈ ಅವರಿಗಿಂತ ಕಡಿಮೆಯೆ? ಕೋರಿಯಾದ ಯುದ್ಧಕ್ಕೆ 1950ರಲ್ಲಿ ಭಾರತವು ಬಂದೂಕು ಕಳಿಸಲಿಲ್ಲ. ಲೆಫ್ಟಿನೆಂಟ್ ಕರ್ನಲ್ ಎ. ಜಿ. ರಂಗರಾಜ್ ಅವರ ಕೈಕೆಳಗೆ 60ನೆಯ ಪ್ಯಾರಾಶೂಟ್ ಫೀಲ್ಡ್ ಆಂಬ್ಯುಲೆನ್ಸನ್ನು ಕಳಿಸಿತು. ಸೈನ್ಯಗಳು ಪ್ಯಾಂಗ್ಯಾಂಗ್ ಬಿಟ್ಟು ಹಿಂದೆ ಸರಿಯುವಾಗ, ಔಷಧ ಸಾಮಗ್ರಿಗಳನ್ನು ಬಿಟ್ಟು ಬರಲೊಲ್ಲದೆ, ಹಳೆಯ ಉಗಿಬಂಡಿಯೊಂದನ್ನು ಹುಡುಕಿ ತಾವೇ ನಡೆಸಿಕೊಂಡು ಬಂದವರು ಅವರು. ಅಲ್ಲಿ ಡಾಕ್ಟರರು ಕೆಲವರು. ಮಿಕ್ಕವರೆಲ್ಲ ಇಂಥ ಸಹಾಯಕರೂ ಡೋಲಿ ಹೊರುವವರೂ.

ಇದಕ್ಕೆ ಆಕ್ಷೇಪಣೆಗಳಿಲ್ಲವೆಂದಲ್ಲ. ಡಾಕ್ಟರ ಮಿತ್ರರು ಎರಡು ಮಾತು ಹೇಳುತ್ತಾರೆ. ಸೈನ್ಯದಲ್ಲಿ ರೋಗಿಗಳು ತರುಣರು, ಗಟ್ಟಿಮುಟ್ಟಾದವರು. ಊರ ದವಾಖಾನೆಗೆ ಬರುವವರು ಬಸುರಿಯರು, ಹಸುಗೂಸುಗಳು, ಐದು ರೋಗ ಒಟ್ಟಿಗೆ ಹೊತ್ತ ಮುದುಕರು. ಇದು ಪೂರ್ಣ ಸತ್ಯ. ಗುಂಡಿನ ಗಾಯ ಬಲ್ಲವನಿಗೆಲ್ಲ ಕೂಸಿನ ಭೇದಿ ಗೊತ್ತಿರಬೇಕೆಂದೇನಿಲ್ಲ. ಅದಕ್ಕೆ ಉಪಾಯ ಕಲಿಸುವದು, ಬಾಗಿಲು ಮುಚ್ಚುವದಲ್ಲ. ಒಂದು ವರ್ಷದ ಪೂರಕ ಶಿಕ್ಷಣ, ಕೊನೆಗೆ ಕಠಿಣ ಪರೀಕ್ಷೆ. ತಪ್ಪಿದವನು ತಪ್ಪಲಿ.

ಎರಡನೆಯ ಮಾತು, ಇದರಿಂದ ನಕಲಿ ವೈದ್ಯರು ಹೆಚ್ಚುತ್ತಾರೆಂಬುದು. ಈ ಅಂಜಿಕೆಯೂ ಸುಳ್ಳಲ್ಲ. 2019ರ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಲ್ಲಿ ಮಧ್ಯಮ ಸ್ತರದವರಿಗೆ ಸೀಮಿತ ಪರವಾನಗಿ ಕೊಡುವ ಕಲಮು ಬಂದಾಗ ದೇಶದ ಡಾಕ್ಟರರು ಇದೇ ಕಾರಣಕ್ಕೆ ಮುಷ್ಕರ ಹೂಡಿದರು. ಸೈನ್ಯದಿಂದ ಬಂದು ಬೋರ್ಡು ಹಚ್ಚಿ, ಕಂಡಕಂಡವರಿಗೆ ಸೂಜಿ ಚುಚ್ಚಿ ‘ಡಾಕ್ಟರ್’ ಎನಿಸಿಕೊಂಡವರು ಇಲ್ಲವೆಂದು ನಾನು ಹೇಳಲಾರೆ. ಅವರ ಪರ ವಕಾಲತ್ತು ನನ್ನದಲ್ಲ. ಆದರೆ ಯೋಚಿಸಿರಿ. ಬಲ್ಲ ವಿದ್ಯೆಗೆ ನೇರ ದಾರಿ ಇಲ್ಲದಾಗ ಅದು ಓರೆ ದಾರಿ ಹಿಡಿಯುತ್ತದೆ. ಹಗಲು ವಾರ್ಡ್‌ಬಾಯ್ ಎಂದು ಬರೆಯಿಸಿಕೊಂಡು ರಾತ್ರಿ ಇಡೀ ವಾರ್ಡು ನೋಡಿಕೊಳ್ಳುವವನು ಯಾರ ಲೆಕ್ಕದಲ್ಲಿದ್ದಾನೆ? ನಾಳೆ ಅವನ ಕೈಯಿಂದ ತಪ್ಪಾದರೆ ಯಾರು ಹೊಣೆ? ದವಾಖಾನೆಯವರು, “ಅವನು ಬರೇ ಕಸ ಹೊಡೆಯುವವನು” ಎಂದು ಕೈ ತೊಳೆದುಕೊಂಡಾರು. ಹೆಸರಿಲ್ಲದ ಕೈಯಿಂದ ರೋಗಿಗೂ ಅಪಾಯ, ಆ ಕೈಗೂ ಅಪಾಯ. ಲಾಭ ಒಬ್ಬರಿಗೇ, ಬಿಲ್ಲಿನಲ್ಲಿ ‘ನರ್ಸಿಂಗ್ ಶುಲ್ಕ’ ಬರೆಯುವವರಿಗೆ.

ಆದ್ದರಿಂದ ಕೇಳುವದು ಭಿಕ್ಷೆಯಲ್ಲ, ಲೆಕ್ಕ. ಆರೋಗ್ಯ ಸಂಬಂಧಿ ವೃತ್ತಿಗಳಿಗಾಗಿ 2021ರಲ್ಲಿ ಬಂದ ಕಾಯ್ದೆಯು ಸಹವೈದ್ಯಕೀಯ ವೃತ್ತಿಯವರಿಗೆ ಕನಿಷ್ಠ 2,000 ತಾಸುಗಳ ಶಿಕ್ಷಣ ಇರಬೇಕೆನ್ನುತ್ತದೆ. ನಮ್ಮ ನೆರೆಯವರು ದಿನಕ್ಕೆ ಎಂಟು ತಾಸು, ವರ್ಷಕ್ಕೆ 250 ದಿನ ದುಡಿದರೆಂದು ಜಿಪುಣತನದಿಂದ ಹಿಡಿದರೂ ಹದಿನೇಳು ವರ್ಷಕ್ಕೆ 34,000 ತಾಸುಗಳಾಗುತ್ತವೆ. ದುಡಿದ ತಾಸೆಲ್ಲ ಓದಿದ ತಾಸಲ್ಲ, ಒಪ್ಪಿದೆ. ಆದರೆ ಅದರಲ್ಲಿ ಒಂದು ತಾಸನ್ನೂ ಎಣಿಸದೆ, ಮೂವತ್ತೆಂಟರ ವಯಸ್ಸಿನವನಿಗೆ “ಹದಿನೆಂಟರ ಹುಡುಗರ ಸಂಗಡ ಮೊದಲ ಬೆಂಚಿನ ಮೇಲೆ ಕೂಡು” ಎನ್ನುವದು ಯಾವ ನ್ಯಾಯ?

ರಾಜ್ಯದ ಆರೋಗ್ಯ ಇಲಾಖೆ ಇವರ ಸೇವಾ ಪುಸ್ತಕಗಳನ್ನು ತರಿಸಿ ನೋಡಲಿ. ಕಲಿತಿದ್ದನ್ನು ಎಣಿಸಿ, ಕಲಿಯದ್ದನ್ನು ಕಲಿಸಿ, ಪರೀಕ್ಷಿಸಿ, ನೋಂದಣಿ ಮಾಡಿಕೊಳ್ಳಲಿ. ನಮ್ಮ ರಾಜ್ಯದಲ್ಲಿ 2008ರ ನವೆಂಬರ 1ರಿಂದ ಓಡುತ್ತಿರುವ 108 ಆಂಬ್ಯುಲೆನ್ಸುಗಳಲ್ಲಿ ಇಂಥವರಿಗೆ ಮೊದಲ ಮಣೆ ಸಿಗಲಿ. ದಾರಿಯಲ್ಲಿ ಬಿದ್ದವನ ರಕ್ತ ನಿಲ್ಲಿಸುವದನ್ನು ಅವರಿಗಿಂತ ಬಲ್ಲವರು ಯಾರು? ಹುಬ್ಬಳ್ಳಿಯಲ್ಲಿ ವೈದ್ಯಕೀಯ ಕಾಲೇಜು ತೆರೆದದ್ದು 1957ರಲ್ಲಿ. ಸತ್ತೂರಿನಲ್ಲಿಯೂ ಒಂದಿದೆ. ಕಲಿಸುವ ಜಾಗಕ್ಕೆ ಅವಳಿ ನಗರದಲ್ಲಿ ಬರವಿಲ್ಲ, ಬರವಿರುವದು ಮನಸ್ಸಿಗೆ.

ಇನ್ನು ಖಾಸಗಿ ದವಾಖಾನೆಯವರಿಗೆ ಸರಕಾರದ ಅಪ್ಪಣೆಯ ದಾರಿ ಕಾಯುವ ಕಾರಣವಿಲ್ಲ. ಅವನು ಮಾಡಲು ಕಾನೂನು ಒಪ್ಪುವ ಕೆಲಸವನ್ನಷ್ಟೇ ಅವನಿಂದ ಮಾಡಿಸಿರಿ. ಮಾಡಿಸಿದ್ದನ್ನು ಪುಸ್ತಕದಲ್ಲಿ ಬರೆಯಿರಿ. ಬರೆದದ್ದಕ್ಕೆ ಪಗಾರ ಕೊಡಿರಿ. ಇದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ಮರ್ಯಾದೆ ಸಾಕು.

ಮತ್ತು ನಾವು? ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಎಂಬ ಗಾದೆಯನ್ನು ಪರರನ್ನು ಹಳಿಯಲು ಬಳಸುತ್ತೇವೆ. ಬಿಲ್ಲು ಕಟ್ಟಿ ಮಗನನ್ನು ಮನೆಗೆ ಕರೆತಂದ ನಾನೂ ಹಾಜರಿ ಪುಸ್ತಕದ ಆ ಎರಡು ಶಬ್ದಗಳನ್ನು ನೋಡಿ ಸುಮ್ಮನೆ ಬಂದವನೇ. ಹೆಣಕ್ಕೆ ಹೂವಿನ ಮಾಲೆ ಹಾಕಲು ನಮ್ಮಲ್ಲಿ ಸಾವಿರ ಕೈಗಳು ಮುಂದಾಗುತ್ತವೆ. ಬದುಕಿ ಬಂದವನು ಮುಂಜಾನೆ ಆರಕ್ಕೆ ರಾತ್ರಿಪಾಳಿ ಮುಗಿಸಿ, ಎದೆಯ ಮೇಲಿನ ‘ಸಹಾಯಕ’ ಎಂಬ ಬಿಲ್ಲೆಯನ್ನು ಕಿಸೆಗೆ ಹಾಕಿಕೊಂಡು ಸತ್ತೂರಿನ ನಿಲುಗಡೆಯಲ್ಲಿ ಇಳಿಯುವಾಗ, ಅವನನ್ನು ಅವನ ನಿಜವಾದ ಹೆಸರಿನಿಂದ ಕರೆಯಲು ಒಬ್ಬರಾದರೂ ಬೇಡವೆ?